ಅದು ಗಡಿಯಾರದ ಸಾಮಾನಲ್ಲ

ಕಾಚಿಗುಡ, ಹೈದರಾಬಾದ್
ರವಿವಾರ, 17 ನವೆಂಬರ್ 2019

ಚಿ. ಸೌ. ಸಂಪದಾಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ಮಗಳೇ? ಕಾಲಿನ ಬಾವು ಇಳಿಯಿತೇ? ಕೆಮ್ಮು ಹೇಗಿದೆ, ಅದನ್ನು ಮೊದಲು ತಿಳಿಸು. ನಿನಗೆ ಐದು ತಿಂಗಳು ತುಂಬಿ ಆರರಲ್ಲಿ ಬಿದ್ದಿತೆಂದು ನಿನ್ನ ಅವ್ವ ದಿನಕ್ಕೆ ಎರಡು ಸಲ ಬೆರಳು ಮಡಚಿ ಎಣಿಸುತ್ತಾಳೆ. ಪಂಚಾಂಗಕ್ಕೂ ತನ್ನ ಬೆರಳಿಗೂ ತಾಳೆ ಬೀಳದಿದ್ದರೆ ಪಂಚಾಂಗವನ್ನೇ ಬೈಯುತ್ತಾಳೆ. ಅವಳ ದಮ್ಮು ಈ ಕಾರ್ತೀಕದಲ್ಲಿ ಹತೋಟಿಯಲ್ಲಿದೆ, ಚಿಂತಿಸಬೇಡ. ನಿನ್ನ ಸೀಮಂತದ ಕುಬಸಕ್ಕೆ ಹಸಿರು ಸೀರೆ ತೆಗೆಯಲೆಂದು ಸುಲ್ತಾನ್ ಬಜಾರಿನಲ್ಲಿ ಮೂರು ದಿನ ತಿರುಗಿದಳು. ಒಂದು ಹಸಿರು ತೀರ ಗಿಳಿಯ ಬಣ್ಣವಾಯಿತು, ಇನ್ನೊಂದು ಪಾಚಿಯ ಬಣ್ಣವಾಯಿತು. ಕೊನೆಗೆ ಮೊದಲ ದಿನ ಮೊದಲ ಅಂಗಡಿಯಲ್ಲಿ ನೋಡಿದ್ದನ್ನೇ ತಂದಳು. ನನ್ನ ಅಂಗಡಿಯ ನೆತ್ತಿಯ ಮೇಲೆ ಮೆಟ್ರೊ ರೈಲು ಖಾಲಿಯಾಗಿ ಓಡಿ ಪರೀಕ್ಷೆ ಕೊಡುತ್ತಿದೆ. ಅದು ಹೋದಾಗಲೆಲ್ಲ ಗೋಡೆಯ ಗಡಿಯಾರಗಳು ಒಮ್ಮೆ ನಡುಗಿ ಮತ್ತೆ ತಮ್ಮ ಕೆಲಸಕ್ಕೆ ಹತ್ತುತ್ತವೆ.

ದಿನಾ ಫೋನಿನಲ್ಲಿ ಮಾತಾಡುವ ಅಪ್ಪ ಈಗೇಕೆ ಕಾಗದ ಹಿಡಿದ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮತ್ತೆ ಸುಳ್ಳು ಹೇಳುತ್ತೇನೆ, ಅದಕ್ಕೆ. ಹೋದ ಗುರುವಾರ ನೀನು ಕೇಳಿದೆ: “ಅಪ್ಪಾ, ಇವರ ಪ್ಯಾಂಟಿನ ಕಿಸೇದಾಗ ಒಂದು ಸಣ್ಣ ಡಬ್ಬಿ ಸಿಕ್ಕದ. ಒಳಗ ತಂತಿ ಸುರುಳಿ ಅವ. ಮುಚ್ಚಳದಾಗ ತಾರೀಖು ಬರದದ, ನಿನ್ನ ಅಕ್ಷರನ. ಇವರು ನೋಡಿದ್ರ ನಿಮ್ಮಪ್ಪನ ಗಡಿಯಾರದ ಸಾಮಾನು ಅಂತಾರ. ಹೌದೇನು?” ನಾನು ಚೂರೂ ತಡೆಯದೆ, “ಹೌದವಾ, ನಂದೇ. ಹಳೇ ಗಡಿಯಾರದ ಸ್ಪ್ರಿಂಗ್ ಅವು” ಎಂದೆ. “ನೀ ಹೌದಂದ್ರ ಮುಗೀತು ಬಿಡು” ಎಂದು ನೀನು ನಕ್ಕು ಫೋನು ಇಟ್ಟೆ.

ಅದು ಗಡಿಯಾರದ ಸಾಮಾನಲ್ಲ ಸಂಪದಾ. ಸಿಗರೇಟಿನ ಬದಲು ಬ್ಯಾಟರಿ ಹಾಕಿ ಎಳೆಯುವ ಕೊಳವೆ ಬಂದಿತ್ತಲ್ಲ, ಹುಡುಗರು ವೇಪ್ ಎನ್ನುತ್ತಾರೆ, ಈ ಸೆಪ್ಟೆಂಬರಿನಲ್ಲಿ ಸರ್ಕಾರ ನಿಷೇಧಿಸಿತು, ಅದರ ಒಳಗೆ ಕಾಯುವ ಕಾಯಿಲ್ ಅದು. ನಿನ್ನ ಗಂಡ ಅದನ್ನು ಎಳೆಯುತ್ತಾನೆ. ತೊಳೆದು ಕಳಿಸುವವನು ನಾನು.

ಹೇಗೆ ಶುರುವಾಯಿತೆಂದು ಹೇಳುತ್ತೇನೆ. ನಡುವೆ ನನ್ನನ್ನು ನಾನೇ ಸಮರ್ಥಿಸಿಕೊಳ್ಳಲು ಹೋದರೆ ಆ ಸಾಲು ಬಿಟ್ಟು ಓದು. ಮೊಬೈಲು ಬಂದ ಮೇಲೆ ಜನ ಕೈಗೆ ಗಡಿಯಾರ ಕಟ್ಟುವುದನ್ನೇ ಬಿಟ್ಟದ್ದು ನಿನಗೆ ಗೊತ್ತು. ಆಚೆ ಹೈಟೆಕ್ ಸಿಟಿ ಬೆಳೆದಂತೆ ಈಚೆ ನನ್ನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಬೆಳೆಯಿತು. ರವಿವಾರ ಅಬಿಡ್ಸಿನ ಫುಟ್‌ಪಾತಿಗೆ ಹಳೆಯ ಪುಸ್ತಕ ಹುಡುಕಲು ಬರುವ ಸಾಫ್ಟ್‌ವೇರ್ ಹುಡುಗರು ಮಾತ್ರ ಎಂದಾದರೊಮ್ಮೆ ಅಜ್ಜನ ಗಡಿಯಾರ ಹಿಡಿದು ಬರುತ್ತಿದ್ದರು. 2017ರ ಮಳೆಗಾಲದಲ್ಲಿ ನಿನ್ನ ಗಂಡ ಸುಶಾಂತ ಮೊದಲ ಸಲ ಬಂದದ್ದೂ ಹಾಗೆಯೇ. ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದವನಿಗೆ ನಡುವೆ ತಾಯಿಯ ಫೋನು ಬಂತು. “ಹೂನವಾ, ಉಂಡೀನಿ” ಎಂದ. “ಯಾವೂರಪಾ?” ಎಂದೆ. “ಬೀದರ ರೀ ಕಾಕಾ” ಎಂದ. ಅಷ್ಟೇ ಸಾಕಾಯಿತು, ಚಹಾ ತರಿಸಿದೆ. ಅಜ್ಜನ ಗಡಿಯಾರಕ್ಕೆ ಚಾವಿ ಕೊಟ್ಟು ಅದು ಟಿಕ್ ಎಂದಾಗ ಆ ಹುಡುಗನ ಮುಖ ನೋಡಬೇಕಿತ್ತು ನೀನು. ಎರಡನೆಯ ಸಲ ಬಂದಾಗ ಕಿಸೆಯಿಂದ ಆ ಕೊಳವೆ ತೆಗೆದು ಮೇಜಿನ ಮೇಲಿಟ್ಟ. “ಕಾಕಾ, ಇದು ಸುಟ್ಟ ವಾಸನಿ ಹೊಡ್ಯಾಕತ್ತದ. ಹೊಸಾ ಕಾಯಿಲ್ ಸಿಗವಲ್ದು. ನಿಮ್ಮದು ಸಣ್ಣ ಕೆಲಸದ ಕೈ, ನೋಡ್ತೀರೇನು?” ಎಂದ.

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ನೋಡಿದೆ. ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ, ಏಳು ಸುತ್ತು, ನಡುವೆ ಹತ್ತಿ. ಅದಕ್ಕೆ ಹಾಕುವ ಸಿಹಿ ರಸ ಕಾದು ಕಾದು, ಬೆಲ್ಲದ ಪಾಕ ಬೋಗುಣಿಯ ತಳ ಹಿಡಿದ ಹಾಗೆ, ಸುತ್ತುಗಳ ನಡುವೆ ಕರ್ರಗೆ ಕಚ್ಚಿಕೊಂಡಿತ್ತು. ಗಡಿಯಾರವಾಗಿದ್ದರೆ ಪೆಟ್ರೋಲಿನಲ್ಲಿ ಅದ್ದುತ್ತಿದ್ದೆ. ಇದು ಬಾಯಿಗೆ ಇಡುವ ವಸ್ತು, ಪೆಟ್ರೋಲು ಬೇಡ ಎಂಬಷ್ಟು ವಿವೇಕ ತೋರಿಸಿದೆ ನೋಡು. ಹತ್ತಿ ಕಿತ್ತು, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ನೆನೆಹಾಕಿ, ಗಡಿಯಾರದ ಬ್ರಷ್ಷಿನಿಂದ ಒಂದೊಂದೇ ಸುತ್ತು ತಿಕ್ಕಿದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಆಡಿಸಿ, ಧೂಳು ಬೀಳದಂತೆ ಮೇಲೊಂದು ಗಾಜಿನ ಲೋಟ ಬೋರಲು ಹಾಕಿ ಇಡೀ ದಿನ ಒಣಗಿಸಿದೆ. ಮರುದಿನ ಮೆಲ್ಲಗೆ ಕಾಯಿಸಿದರೆ ನಡುವಿನ ಸುತ್ತು ಮೊದಲು ಕೆಂಪಗಾಗಿ, ಕೆಂಪು ಎರಡೂ ಕಡೆಗೆ ಸಮನಾಗಿ ಹರಡಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರಿಗಿನ ಬಳೆಯಂಗಡಿಯ ಮೌನಪ್ಪನನ್ನು ಕರೆದು ತೋರಿಸಿದೆ. ಎಷ್ಟೋ ತಿಂಗಳ ಮೇಲೆ ನನ್ನ ಕೈಗೆ ತಕ್ಕ ಕೆಲಸ ಸಿಕ್ಕಿತ್ತು.

ಸುಶಾಂತನ ಗೆಳೆಯರೂ ಬರತೊಡಗಿದರು. ಗಡಿಯಾರದ ಬಿಡಿಭಾಗ ಬರುವ ಚಪ್ಪಟೆ ಡಬ್ಬಿಗಳಿದ್ದವಲ್ಲ, ನೀನು ಸಣ್ಣವಳಿದ್ದಾಗ ಬಳಪದ ಚೂರು ಹಾಕಿಟ್ಟುಕೊಳ್ಳುತ್ತಿದ್ದೆ, ಅವುಗಳಲ್ಲೇ ತೊಳೆದ ಕಾಯಿಲ್ ಹಾಕಿ ಕೊಡುತ್ತಿದ್ದೆ. ನಮ್ಮ ಕಸುಬಿನ ಪದ್ಧತಿ ನಿನಗೆ ಗೊತ್ತು. ರಿಪೇರಿ ಮಾಡಿದ ಪ್ರತಿ ಗಡಿಯಾರದ ಹಿಂಬದಿಯ ಮುಚ್ಚಳದೊಳಗೆ ಸೂಜಿಯಿಂದ ತಾರೀಖು ಗೀರಬೇಕು. ಮುಂದೆ ಯಾರು ತೆರೆದರೂ ಇದಕ್ಕೆ ಯಾವಾಗ ಕೈ ಹಚ್ಚಿದ್ದರೆಂದು ತಿಳಿಯಬೇಕು. ಕಾಯಿಲ್ ಮೇಲೆ ಗೀರಲು ಜಾಗವೆಲ್ಲಿ? ಡಬ್ಬಿಯ ಮುಚ್ಚಳದೊಳಗೆ ಬರೆದೆ. ಕಳ್ಳ ಕೆಲಸಕ್ಕೂ ತಾರೀಖು ಹಾಕಿದ ಜಾಣ ನಿನ್ನ ಅಪ್ಪ.

ಇನ್ನೊಂದು ಪದ್ಧತಿಯೂ ಇದೆ. ಓಡಿಸಿ ನೋಡದೆ ಗಿರಾಕಿಯ ಕೈಗೆ ಏನನ್ನೂ ಕೊಡಬಾರದು. ಗಡಿಯಾರವಾದರೆ ಕಿವಿಗೆ ಹಿಡಿಯುತ್ತೇನೆ. ಇದನ್ನು ಎಲ್ಲಿಗೆ ಹಿಡಿಯಲಿ? ಸುಟ್ಟ ವಾಸನೆ ಹೋಯಿತೋ ಇಲ್ಲವೋ ಎಂದು ಎಳೆದೇ ನೋಡಬೇಕು. ಎಳೆದೆ. ನೀನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಬೇಗಂಪೇಟೆ ಸ್ಟೇಶನ್ನಿನ ಬೆಂಚಿನ ಮೇಲೆ ನಿನ್ನ ಅವ್ವ ಉಸಿರು ಸಿಗದೆ ಒದ್ದಾಡಿದ್ದು ನೆನಪಿದೆಯೇ? ನಾನು ಪಕ್ಕದಲ್ಲೇ ಸಿಗರೇಟು ಹಿಡಿದು ನಿಂತಿದ್ದೆ. ನೀನು ನನ್ನ ಕಿಸೆಗೆ ಕೈ ಹಾಕಿ ಪ್ಯಾಕೆಟ್ಟು ತೆಗೆದು ಹಳಿಯ ಮೇಲೆ ಎಸೆದೆ. ನನ್ನ ಕೈ ಎಳೆದು, “ನನ್ನ ತಲಿ ಮ್ಯಾಲೆ ಇಟ್ಟು ಹೇಳಪಾ, ಇನ್ನ ಸೇದಂಗಿಲ್ಲ ಅಂತ” ಎಂದೆ. ಎಣ್ಣೆ ಹಚ್ಚಿದ ನಿನ್ನ ತಲೆ ಬಿಸಿಲಿಗೆ ಕಾದಿತ್ತು. ಆ ಆಣೆಯನ್ನು ಹದಿನಾಲ್ಕು ವರ್ಷ ಉಳಿಸಿಕೊಂಡೆ, ಅದೊಂದು ಖರೆ. ಮುರಿದದ್ದು ಈ ಪರೀಕ್ಷೆಯ ನೆವದಲ್ಲಿ. ಪರೀಕ್ಷೆಗೆ ಒಂದು ಎಳೆತ ಸಾಕು, ನಾನು ಮೂರು ಎಳೆಯುತ್ತಿದ್ದೆ. ಆಮೇಲೆ ಪರೀಕ್ಷೆ ಮಾಡಲು ಏನೂ ಇಲ್ಲದ ದಿನವೂ ಎಳೆದೆ. ಒಂದು ಸಂಜೆ ನಿನ್ನ ಅವ್ವ ಮೂಗು ಅರಳಿಸಿ, “ಏನ್ರೀ, ಈ ಕಾರ್ತೀಕದಾಗ ಮಾವಿನಹಣ್ಣು ಎಲ್ಲಿ ಸಿಕ್ತು ನಿಮಗ?” ಎಂದಳು. ಪಾನ್ ಡಬ್ಬಿಯವನು ಹೊಸ ನಮೂನೆಯ ಸೋಂಪು ಹಾಕಿದ್ದಾನೆ ಎಂದು ಸಾಗಹಾಕಿದೆ.

“ಇದು ಹೊಗಿ ಅಲ್ಲ ಕಾಕಾ, ಬರೇ ಉಗಿ” ಎಂದು ಹುಡುಗರು ಹೇಳುತ್ತಿದ್ದರು, ನನಗೂ ಅದನ್ನೇ ನಂಬುವುದು ಬೇಕಾಗಿತ್ತು. ಒಮ್ಮೆ ರಸದ ಬಾಟಲಿಯ ಚೀಟಿಯನ್ನು ಭೂತಗನ್ನಡಿಯಿಂದ ಓದಿದೆ. ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ನಿಕೋಟಿನ್ ಎಂದು ಬರೆದಿತ್ತು. ಓದಿದೆ, ಚೀಟಿಯನ್ನು ಗೋಡೆಯ ಕಡೆಗೆ ತಿರುಗಿಸಿ ಬಾಟಲಿ ಇಟ್ಟೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ವರ್ಷದ ಕೊನೆಗೆ ನಿನಗೆ ವರ ನೋಡುತ್ತಿದ್ದೆವು. ನೀನು ಬಂಗಾರ ಕೇಳಲಿಲ್ಲ, ಮನೆ ಕೇಳಲಿಲ್ಲ. “ಅಪ್ಪಾ, ಹುಡುಗ ಕರ್ರಗಿರಲಿ, ಕುಳ್ಳಗಿರಲಿ, ಸೇದಾಂವ ಮಾತ್ರ ಬ್ಯಾಡ. ಅವ್ವನ ದಮ್ಮು ನೋಡೇ ಬೆಳದೀನಿ. ನೀ ಒಂದು ಕಾಲಕ್ಕ ಸೇದಿದಾಂವ, ನಿನ್ನ ಮೂಗಿಗೆ ಗೊತ್ತಾಗ್ತದ. ನೀನ ನೋಡಿ ಹೇಳು” ಎಂದೆ. ಸುಶಾಂತನ ಜಾತಕ ತರಿಸಿದವನು ನಾನೇ ಎಂಬುದು ನಿನಗೆ ಗೊತ್ತು. ಅವನು ಅಂಗಡಿಗೆ ಬಂದಾಗ ಫೋನು ನೋಡುತ್ತ ಕೂರದೆ ನನ್ನ ಕೈಕೆಲಸ ನೋಡುತ್ತ ಕೂರುತ್ತಿದ್ದ, ನನಗೆ ಗಂಡುಮಗನಿದ್ದಿದ್ದರೆ ಹೀಗೆಯೇ ಇರಬೇಕಿತ್ತು ಎನ್ನಿಸುತ್ತಿತ್ತು. ಹೆಣ್ಣು ನೋಡಲು ಬಂದ ದಿನ ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನೀನು ಕಣ್ಣಲ್ಲೇ ಕೇಳಿದೆ. ನಾನು, “ಬರೇ ಪುದೀನ ವಾಸನಿ ನೋಡವಾ, ಮತ್ತೇನಿಲ್ಲ” ಎಂದೆ. ಆ ವಾರ ಅವನು ತನ್ನ ಕೊಳವೆಗೆ ಪುದೀನದ ರಸ ಹಾಕಿದ್ದ. ಅದನ್ನು ತೊಳೆದು ಕೊಟ್ಟವನು ನಾನು. ಹುಡುಗ ಅದನ್ನು ಎಳೆಯುತ್ತಾನೆ ಎಂದು ನಿನಗೆ ಹೇಳಿದರೆ, “ನಿನಗ ಹ್ಯಾಂಗ ಗೊತ್ತು ಅಪ್ಪಾ?” ಎಂದು ಕೇಳುತ್ತಿದ್ದೆ. ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ, ಆದರೆ ನೀನು ಕೇಳಿದ್ದೂ ಅದೊಂದನ್ನೇ.

ಕಂಪನಿ ಅವನನ್ನು ಪುಣೆಗೆ ಕಳಿಸಿದಾಗ ಈ ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ತಿಂಗಳಿಗೊಂದು ಡಬ್ಬಿ ಕೊರಿಯರಿನಲ್ಲಿ ಅಂಗಡಿಗೆ ಬಂತು, ತೊಳೆದು ಕಳಿಸಿದೆ. ನಿಷೇಧ ಬಂದ ಮೇಲೆ ಹೊಸ ಕಾಯಿಲ್ ಎಲ್ಲೂ ಸಿಗದೆ ಹಳೆಯವನ್ನೇ ಮತ್ತೆ ಮತ್ತೆ ತೊಳೆಯುವುದಾಯಿತು. ದಿನದಿನಕ್ಕೆ ಕರಕಲು ಜಾಸ್ತಿ, ತಂತಿ ತೆಳ್ಳಗೆ. ಅಕ್ಟೋಬರಿನಲ್ಲಿ ಒಬ್ಬ ಪೊಲೀಸಿನವನು ಗಡಿಯಾರದ ಪಟ್ಟಿ ಹಾಕಿಸಲು ಬಂದರೆ ನಾನು ಡಬ್ಬಿಗಳನ್ನು ಊಟದ ಚೀಲಕ್ಕೆ ತುರುಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವನು ಪಟ್ಟಿ ಕಟ್ಟಿಕೊಂಡು ಹೋದ. ನಾನು ಆ ದಿನ ಮಧ್ಯಾಹ್ನ ಉಣ್ಣಲಿಲ್ಲ.

ಇಷ್ಟರ ತನಕ ನನ್ನ ಲಜ್ಜೆಗೇಡಿತನ. ಇನ್ನು ಬರೆಯಲಿರುವುದು ನನ್ನ ಪಾಪ. ಹೋದ ತಿಂಗಳು ನೀನು, “ಅಪ್ಪಾ, ಮಲಗೋ ಖೋಲ್ಯಾಗ ಪುದೀನ ವಾಸನಿ ಹೊಡದು ಹೊಟ್ಟಿ ತೊಳಸ್ತದ. ಒಂದ ಸಮ ಒಣಾ ಕೆಮ್ಮು” ಎಂದೆ. ನಾನು, “ಬಸಿರಾಗ ಎಲ್ಲಾ ವಾಸನಿನೂ ಹಂಗ ಅನಸ್ತದ, ಕಿಡಕಿ ತಗದಿಡು” ಎಂದೆ. ನಿನ್ನ ಅವ್ವನ ದಮ್ಮೂ ಇಂಥ ಒಣ ಕೆಮ್ಮಿನಿಂದಲೇ ಶುರುವಾದದ್ದು. ಅದನ್ನು ಕಣ್ಣಾರೆ ಕಂಡವನು ನಾನು. ಆದರೂ ಮರುದಿನ ಬೆಳಗ್ಗೆ ಡಬ್ಬಿಯ ಮುಚ್ಚಳದಲ್ಲಿ ತಾರೀಖು ಬರೆದು ಕೊರಿಯರಿಗೆ ಕೊಟ್ಟೆ. ನಿನಗೆ ಸಿಕ್ಕದ್ದು ಅದೇ ಡಬ್ಬಿ. ನೀನು ಉಸಿರಾಡಿದ್ದರಲ್ಲೇ ನಿನ್ನ ಹೊಟ್ಟೆಯ ಕೂಸಿಗೂ ಪಾಲು ಎಂಬುದು ತಿಳಿಯಲು ಡಾಕ್ಟರ್ ಆಗಬೇಕಿಲ್ಲ. ನನ್ನ ಮಗಳ ಕೆಮ್ಮನ್ನು ನಾನೇ ತೊಳೆದು, ಒಣಗಿಸಿ, ಹೊಸ ಹತ್ತಿ ಹಾಕಿ ಕಳಿಸಿಕೊಟ್ಟೆ.

ಶುಕ್ರವಾರ ನಿನ್ನ ಅವ್ವನಿಗೆ ಎಲ್ಲ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿ, “ಮಗಳ ತಲಿ ಮ್ಯಾಲೆ ಇಟ್ಟ ಕೈ ಯಾವುದು? ಅದನ್ನಷ್ಟು ತೋರಸ್ರಿ” ಎಂದಳು. ಬಲಗೈ ಚಾಚಿದೆ. ನೋಡಿದಳು, ಮತ್ತೆ ಬತ್ತಿ ಹೊಸೆದಳು. ಆ ಬತ್ತಿ ಮುಗಿಸಿ, “ಬರೀರಿ. ಫೋನ್ ಮಾಡಬ್ಯಾಡ್ರಿ. ಫೋನಿನ್ಯಾಗ ನಿಮಗ ಖರೇ ಮಾತು ಹೊರಗ ಬರೂದಿಲ್ಲ. ಬರದದ್ದು ನನಗ ತೋರಿಸಿ ಹಾಕ್ರಿ” ಎಂದಳು. ಅಂದಿನಿಂದ ತಾಟಿಗೆ ಬಡಿಸುತ್ತಾಳೆ, ಎದುರು ಕೂರುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಮನೆಯಲ್ಲಿ ನಾನು ಒಬ್ಬನೇ ಉಂಡದ್ದು ಇದೇ ಮೊದಲು.

ಉಳಿದ ಹುಡುಗರ ಡಬ್ಬಿಗಳನ್ನು ಹಾಗೆಯೇ ವಾಪಸ್ಸು ಕೊಟ್ಟು, ಇನ್ನು ಇದರ ಗೊಡವೆ ಬೇಡ ಎಂದು ಹೇಳಿದ್ದೇನೆ. ನಾನು ಎಳೆಯದೆ ಮೂರು ದಿನವಾಯಿತು. ಮೂರು ದಿನದ್ದು ಏನು ಮಹಾ, ಬಿಡು. ನೀನು ನಾಳೆಯೇ ಡಾಕ್ಟರ ಹತ್ತಿರ ಹೋಗು, ಕೆಮ್ಮಿನದೂ ಹೇಳು, ಆ ವಾಸನೆಯದೂ ಹೇಳು, ಮುಚ್ಚಿಡಬೇಡ. ನಿನ್ನ ಕೋಣೆಯಲ್ಲಿ ಅದನ್ನು ಯಾರೂ ಮುಟ್ಟಕೂಡದು. ಕುಬಸ ಆದ ಮೇಲೆ ಚೊಚ್ಚಲ ಹೆರಿಗೆಗೆ ಇಲ್ಲಿಗೇ ಬರುವುದೆಂದು ಮಾತಾಗಿದೆಯಲ್ಲ, ಆ ಮಾತು ನನ್ನ ಸಲುವಾಗಿ ತಪ್ಪಿಸಬೇಡ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನಾನು ಅಂಗಡಿಯಲ್ಲೇ ಉಂಡು ಅಲ್ಲೇ ಮಲಗುತ್ತೇನೆ, ಮನೆ ನಿನ್ನದು ಮತ್ತು ನಿನ್ನ ಅವ್ವನದು.

ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಪ್ರತಿ ಕಾಗದದ ಕೊನೆಗೆ ತಲೆಯ ಮೇಲೆ ಕೈ ಇಟ್ಟು ಹರಸಿದ್ದೇನೆ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆ ಕೈಯನ್ನು ನಿನ್ನ ತಲೆಯ ಹತ್ತಿರ ತರಲು ಈಗ ನನಗೆ ಧೈರ್ಯವಿಲ್ಲ. ದೂರ ನಿಂತೇ ಹರಸುತ್ತೇನೆ, ನೀನೂ ಕೂಸೂ ತುಂಬು ಉಸಿರಿನಿಂದ ಬಾಳಿರಿ.

ನಿನ್ನ ಅಪ್ಪ,
ದತ್ತಾತ್ರೇಯ

ತಾ. ಕ.: ಸೋಮವಾರ, ಅಬಿಡ್ಸ್ ಪೋಸ್ಟಾಫೀಸಿನ ಬೆಂಚಿನಿಂದ. ಲಕೋಟೆಗೆ ಅಂಟು ಹಚ್ಚಲು ಕೈ ಬರಲಿಲ್ಲ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದು ನಿನ್ನ ಅವ್ವ ಓದಿ ಒಪ್ಪಿದ ಕಾಗದದಲ್ಲಿ ಇರಲಿಲ್ಲ, ಅವಳಿಗೂ ಗೊತ್ತಿಲ್ಲ. ಮೇಲೆ ‘ಅವನೂ ಹೇಳಲಿಲ್ಲ’ ಎಂದು ಬರೆದೆನಲ್ಲ, ಅಲ್ಲಿಯೂ ನಾನು ನುಣುಚಿಕೊಂಡೆ. ನಿಶ್ಚಿತಾರ್ಥಕ್ಕೆ ಎರಡು ದಿನ ಮೊದಲು ಸುಶಾಂತ ಅಂಗಡಿಗೆ ಬಂದು, “ಕಾಕಾ, ಸಂಪದಾಗ ನಾ ಹೇಳಿಬಿಡ್ತೀನಿ. ಆಕಿ ಬ್ಯಾಡಂದ್ರ ಬ್ಯಾಡ” ಎಂದ. ಅವನ ಕೈ ಹಿಡಿದು ಕೂರಿಸಿದವನು ನಾನು. “ಹೇಳಬ್ಯಾಡಪಾ, ಆಕಿ ಒಪ್ಪೂದಿಲ್ಲ. ಮದುವ್ಯಾದ ಮ್ಯಾಲೆ ಹಗೂರಕ ಬಿಡೀಯಂತ. ಅಲ್ಲೀತನಕಾ ನಾ ತೊಳದು ಕೊಡ್ತೀನಿ. ಎಂದಾರ ಆಕಿ ಕೈಗೆ ಸಿಕ್ರ ನನ್ನ ಗಡಿಯಾರದ ಸಾಮಾನು ಅನ್ನು” ಎಂದೆ. ಅವನು ನಿನಗೆ ಹೇಳಿದ ಸುಳ್ಳು ನಾನು ಕಲಿಸಿಕೊಟ್ಟದ್ದು. ಅವನು ಖರೆ ಹೇಳಲು ಎದ್ದು ನಿಂತಿದ್ದ ಸಂಪದಾ, ನಾನು ಕೂರಿಸಿದೆ. ಜಗಳವಾಡುವುದಿದ್ದರೆ ಮೊದಲು ನನ್ನ ಜೊತೆ ಆಡು. ಅವನು ಈ ತಿಂಗಳು ಕಳಿಸಿದ ಡಬ್ಬಿಯನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ನೀನೇ ನಿನ್ನ ಕೈಯಾರೆ ಅವನಿಗೆ ಕೊಡು. ತೆರೆದು ನೋಡು, ಕರಕಲು ಬಂದಾಗ ಇದ್ದ ಹಾಗೆಯೇ ಇದೆ. ಮುಚ್ಚಳದಲ್ಲಿ ನನ್ನ ತಾರೀಖಿಲ್ಲ.